ಏಳು ಸೊನ್ನೆಗಳ ಸಂಜೆ

ಮೂವತ್ತೆಂಟು ಅಡಿ ಉದ್ದದ ಬಸ್ಸನ್ನು ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಒಂದು ತರಕಾರಿ ಗಾಡಿಗೂ ತಾಗಿಸದೆ ತಿರುಗಿಸುವ ಹೆಂಗಸಿಗೆ ಸ್ಕೂಲಿನ ಸ್ಟಾಫ್‌ರೂಮಿನ ಹೊಸ್ತಿಲು ದಾಟುವುದಕ್ಕೆ ಮಾತ್ರ ಕಾಲೇ ಬರಲಿಲ್ಲ. ಯೂನಿಫಾರ್ಮಿನ ಕಾಲರನ್ನು ಎರಡು ಸಲ ಸರಿಮಾಡಿಕೊಂಡಳು. ಗೋಡೆ ಗಡಿಯಾರ ನೋಡಿದಳು. ಹನ್ನೊಂದೂ ಹತ್ತು. ಡ್ಯೂಟಿ ಎರಡಕ್ಕೆ. ಹೊತ್ತಾಯಿತು ಎಂದು ನೆಪ ಹೇಳಿ ವಾಪಸು ಹೋಗುವ ಹಾಗೂ ಇರಲಿಲ್ಲ. ಮಗಳ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ‘ಪೋಷಕರು ಖುದ್ದಾಗಿ ಬಂದು ಭೌತಶಾಸ್ತ್ರದ ಶಿಕ್ಷಕರನ್ನು ಕಾಣತಕ್ಕದ್ದು.’ ಕಾಣತಕ್ಕದ್ದು ಎಂಬ ಮಾತು ಡಿಪೋದ ಮೆಮೊಗಳಲ್ಲಿ ಬರುತ್ತಿತ್ತು, ಅದು ಬಂದಾಗಲೆಲ್ಲ ಅವಳಿಗೆ ಒಳ್ಳೆಯದೇನೂ ಆಗಿರಲಿಲ್ಲ.

ಡಿಪೋದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಹದಿನಾಲ್ಕಕ್ಕ ಎಂದು. ಹದಿನಾಲ್ಕನೇ ನಂಬರಿನ ಬಸ್ಸನ್ನು ಮೂರು ವರ್ಷದಿಂದ ಓಡಿಸುತ್ತಿರುವುದು ಅವಳೇ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಪಾಳಿ. ಬೆಳಗಿನ ಪಾಳಿ ಕೊಡಿ ಸ್ವಾಮೀ ಎಂದು ಮೂರು ಅರ್ಜಿ ಬರೆದುಕೊಟ್ಟಿದ್ದಳು. ಮೂರೂ ಮ್ಯಾನೇಜರರ ಮೇಜಿನ ಗಾಜಿನ ಕೆಳಗೆ ಅಚ್ಚುಕಟ್ಟಾಗಿ ಮಲಗಿದ್ದವು. ಅವಳು ಮನೆ ಸೇರುವಾಗ ಮಗಳು ನಿದ್ದೆ ಮಾಡಿರುತ್ತಾಳೆ. ಬೆಳಿಗ್ಗೆ ಮಗಳು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಡುವಾಗ ಇವಳಿನ್ನೂ ಕಣ್ಣು ಬಿಟ್ಟಿರುವುದಿಲ್ಲ. ಭಾನುವಾರ ನಸುಕಿನಿಂದಲೇ ಇವಳಿಗೆ ಓವರ್‌ಟೈಮು. ಒಂದೇ ಮನೆ, ಒಂದೇ ಮಂಚ, ಆದರೂ ಗುರುವಾರದ ರಜೆ ಬಿಟ್ಟರೆ ಇಬ್ಬರೂ ಎಚ್ಚರವಾಗಿ ಎದುರುಬದುರು ಕೂತದ್ದಿಲ್ಲ. ಮಾತುಕತೆಯೆಲ್ಲ ಉಪ್ಪಿನ ಡಬ್ಬಿಯ ಕೆಳಗಿನ ಚೀಟಿಗಳಲ್ಲಿ. ‘ಹಾಲು ಕಾಯಿಸಿಡು.’ ‘ಶೂ ಹರಿದಿದೆ.’ ‘ಗುರುವಾರ ನೋಡೋಣ.’ ‘ಬಲ್ಬು ಹೋಯ್ತು.’ ಎಲ್ಲ ಸೇರಿಸಿ ದಾರ ಪೋಣಿಸಿದ್ದರೆ ಯಾವುದಾದರೂ ಆಫೀಸಿನ ಫೈಲಾಗುತ್ತಿತ್ತು.

ಗಂಡ ತೀರಿಕೊಂಡು ನಾಲ್ಕು ವರ್ಷ. ಹನ್ನೆರಡನೇ ದಿನ ಗಂಡನ ಅಕ್ಕ, ಮಗಳಿಗೆ ಅತ್ತೆಯಾಗಬೇಕಾದವಳು, ಕಡ್ಡಿ ಮುರಿದ ಹಾಗೆ ಹೇಳಿ ಹೋಗಿದ್ದಳು: “ನೀನು ದುಡಿಯೋದು ಬೇಡ ಅನ್ನಲ್ಲ. ಆದ್ರೆ ಮಗು ಸಂಜೆ ಹೊತ್ತು ಒಬ್ಬಳೇ ಇರ್ತಾಳೆ ಅಂತ ಒಂದ್ ಮಾತು ನನ್ನ ಕಿವಿಗೆ ಬಿದ್ರೂ ಬಂದು ಕರ್ಕೊಂಡ್ ಹೋಗ್ಬಿಡ್ತೀನಿ. ನನ್ನ ತಮ್ಮನ ಮಗು ಅದು.” ಹೇಳಿದ್ದನ್ನು ಮಾಡುವ ಹೆಂಗಸು. ಆಗ ಪಕ್ಕದ ಮನೆಯ ಅಜ್ಜಿ ಸಂಜೆ ಬಂದು ಕೂರುತ್ತಿದ್ದರು. ಅಜ್ಜಿ ಹೋದ ವರ್ಷ ಮಗನ ಊರಿಗೆ ಹೊರಟುಹೋದರು. ಆ ಸುದ್ದಿಯನ್ನು ಇವಳು ಅತ್ತೆಗೆ ಹೇಳಲಿಲ್ಲ. ಮಗಳಿಗೂ ಹೇಳಿಟ್ಟಳು: “ಮನೇಲಿ ಒಬ್ಬಳೇ ಇರ್ತೀನಿ ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಫ್ರೆಂಡ್ಸ್ ಹತ್ರಾನೂ. ಆಮೇಲೆ ನಮ್ಮಿಬ್ಬರನ್ನ ಬೇರೆ ಮಾಡ್ತಾರೆ.” ಮಗಳು ಹೂಂ ಎಂದಿದ್ದಳು. ಹದಿನೈದು ತುಂಬಿದ, ಕೇಳಿದಷ್ಟಕ್ಕೆ ಹೂಂ ಎನ್ನುವ ಹುಡುಗಿ. ಈಗ ಅವಳು ಏನೋ ಬಾಯಿ ಬಿಟ್ಟಿದ್ದಾಳೆ ಎಂದೇ ತಾಯಿ ರಾತ್ರಿಯಿಂದ ಅಂದುಕೊಂಡಿದ್ದಳು.

“ಬನ್ನಿ ಬನ್ನಿ, ಯಾಕೆ ಅಲ್ಲೇ ನಿಂತ್ರಿ? ಹೆದರೋ ಅಂಥದ್ದೇನಿಲ್ಲ” ಎಂದರು ಮೇಷ್ಟ್ರು.

ಹೆದರೋ ಅಂಥದ್ದೇನಿಲ್ಲ ಎಂದು ಮೇಷ್ಟ್ರುಗಳೂ ಡಾಕ್ಟರುಗಳೂ ಡಿಪೋ ಮ್ಯಾನೇಜರುಗಳೂ ಹೇಳಿದಾಗಲೇ ಹೆಚ್ಚು ಹೆದರಬೇಕೆಂಬುದು ಅವಳಿಗೆ ಅನುಭವದಿಂದ ಗೊತ್ತಿತ್ತು. ಕುರ್ಚಿಯ ತುದಿಯಲ್ಲಿ ಕೂತಳು. ಮೇಷ್ಟ್ರಿಗೆ ನಲವತ್ತರ ಆಸುಪಾಸು, ಅಂಗಿಯ ತೋಳಿನ ತುಂಬ ಸೀಮೆಸುಣ್ಣದ ಪುಡಿ. ಪಕ್ಕದ ಮೇಜಿನಲ್ಲಿ ಹೊಲಿಗೆ ಮಿಸ್ ಕೂತಿದ್ದರು. ಅವರನ್ನು ಕಂಡದ್ದೇ ಇವಳು ಕುರ್ಚಿಯನ್ನು ಮೇಷ್ಟ್ರ ಕಡೆ ಎಳೆದುಕೊಂಡಳು. ಹೊಲಿಗೆ ಮಿಸ್ಸೂ ಅತ್ತೆಯೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈ ಸ್ಟಾಫ್‌ರೂಮಿನಲ್ಲಿ ಮಧ್ಯಾಹ್ನ ಆಡಿದ ಮಾತು ಸಂಜೆಯೊಳಗೆ ಅತ್ತೆಯ ಮನೆ ಸೇರುತ್ತಿತ್ತು, ಯಾವ ಬಸ್ಸಿಗೂ ಕಾಯದೆ.

ಮೇಷ್ಟ್ರು ಡ್ರಾಯರಿನಿಂದ ಹಾಳೆಗಳ ಕಟ್ಟು ತೆಗೆದರು. ಎಲ್ಲ ಹಾಳೆಗಳ ಮೇಲೂ ಅಡ್ಡ ಒಂದು, ಉದ್ದ ಒಂದು ಮಡಿಕೆ.

“ನೋಡಿ, ಮಕ್ಕಳಿಗೆ ನಾನೊಂದು ಅಭ್ಯಾಸ ಮಾಡಿಸಿದೀನಿ. ಯಾವ ಪ್ರಾಬ್ಲಮ್ ಕೊಟ್ರೂ ಹಾಳೇನ ನಾಲ್ಕಾಗಿ ಮಡಿಸ್ಬೇಕು. ಮೊದಲನೇ ಮನೇಲಿ ಚಿತ್ರ. ಎರಡನೇದ್ರಲ್ಲಿ ಮಾತು, ಏನಾಯ್ತು ಅಂತ ಅವರದೇ ಮಾತಲ್ಲಿ. ಮೂರನೇದ್ರಲ್ಲಿ ಗ್ರಾಫು. ನಾಲ್ಕನೇದ್ರಲ್ಲಿ ಲೆಕ್ಕ. ನಾಲ್ಕೂ ಸೇರಿ ಒಂದೇ ಸಾಕ್ಷಿ ಹೇಳ್ಬೇಕು. ಒಂದು ಬೇರೆ ಹೇಳ್ತು ಅಂದ್ರೆ ಎಲ್ಲೋ ಎಡವಿದೀವಿ ಅಂತ ಅರ್ಥ.”

ಅವಳು ತಲೆಯಾಡಿಸಿದಳು. ಅರ್ಥವಾಗದಿದ್ದರೂ ತಲೆಯಾಡಿಸುವುದು ಸರ್ಕಾರಿ ಕುರ್ಚಿಗಳಲ್ಲಿ ಕೂತು ಕಲಿತ ವಿದ್ಯೆ.

“ಸುಲಭ ಅಂದ್ಕೋಬೇಡಿ. ಎಷ್ಟೋ ಮಕ್ಕಳು ಬರೀ ಲೆಕ್ಕದ ಮನೆ ತುಂಬಿಸಿ ಕೈ ತೊಳ್ಕೊಳ್ತಾರೆ. ಸೂತ್ರ ಗೊತ್ತು, ಆದ್ರೆ ಗಾಡಿ ಯಾವ ಕಡೆ ಹೋಗ್ತಿದೆ ಅಂತ ಕೇಳಿದ್ರೆ ಕಣ್ಣು ಕಣ್ಣು ಬಿಡ್ತಾರೆ. ಇವನು ನೋಡಿ.” ಒಂದು ಹಾಳೆ ಎತ್ತಿ ತೋರಿಸಿದರು. “ಸೈಕಲ್ಲಲ್ಲಿ ಗುಡ್ಡ ಹತ್ತಿ ಇಳಿದ್ನಂತೆ. ಗ್ರಾಫಲ್ಲೂ ಗುಡ್ಡಾನೇ ಬರೆದಿದಾನೆ. ಗುಡ್ಡದ ಮೇಲೊಂದು ಮರ ಬೇರೆ!” ನಕ್ಕರು. ಅವಳಿಗೂ ನಗು ಬಂತು. “ಇನ್ನೊಬ್ಬಳು ನೋಡಿ, ಚಿತ್ರದಲ್ಲಿ ಪರದೆಯ ಹೂವೂ ಬಿಟ್ಟಿಲ್ಲ, ಗ್ರಾಫಿನ ಮನೆ ಖಾಲಿ. ಇರ್ಲಿ, ಕಲೀತಾರೆ. ಆದ್ರೆ ನಿಮ್ಮ ಮಗಳು ಹೀಗಲ್ಲ. ನಾಲ್ಕರಲ್ಲೂ ಮುಂದು. ಕ್ಲಾಸಿಗೆ ಗ್ರಾಫು ಹೇಳಿಕೊಟ್ಟವಳೇ ಅವಳು ಅಂದ್ರೂ ತಪ್ಪಿಲ್ಲ. ಅದಕ್ಕೇ ನನಗೆ ತಲೆಬುಡ ಅರ್ಥ ಆಗ್ತಿಲ್ಲ.”

ಕಟ್ಟಿನ ತಳದಿಂದ ಮೂರು ಹಾಳೆ ಎಳೆದು ಅವಳ ಮುಂದೆ ಸಾಲಾಗಿ ಇಟ್ಟರು.

“ಭಾನುವಾರ ಸಂಜೆ ನಾಲ್ಕೂವರೆಯಿಂದ ಒಂಬತ್ತರವರೆಗೆ ಎಲ್ಲಿದ್ರಿ, ಅದನ್ನ ನಾಲ್ಕು ಮನೇಲಿ ಹೇಳಿ ಅಂತ ಮಕ್ಕಳಿಗೆ ಕೊಟ್ಟಿದ್ದೆ. ಸೋಮವಾರ ಇದನ್ನ ಬರ್ಕೊಂಡು ಬಂದ್ಳು. ತಪ್ಪು ಅಂತ ವಾಪಸ್ ಕೊಟ್ಟೆ. ಮಂಗಳವಾರ ಮತ್ತೆ ಅದನ್ನೇ. ನಿನ್ನೆ ಮತ್ತೆ ಅದನ್ನೇ! ಮಾತಿನ ಮನೆ ಓದಿ.”

ಮಗಳ ದುಂಡನೆಯ ಅಕ್ಷರ. ‘ನಾನು ಸಂಜೆ ನಾಲ್ಕೂವರೆಯಿಂದ ಒಂಬತ್ತರವರೆಗೆ ಮನೆಯಲ್ಲೇ ಇದ್ದೆ. ಎಲ್ಲಿಗೂ ಹೋಗಲಿಲ್ಲ.’

“ಎಲ್ಲಿಗೂ ಹೋಗಲಿಲ್ಲ ಅಂದ್ರೆ ಗ್ರಾಫು ಹೇಗಿರ್ಬೇಕು? ತಳದಲ್ಲಿ ಒಂದು ನೇರ ಗೆರೆ. ಮುಗೀತು. ಇವಳು ನೋಡಿ ಏನ್ ಹಾಕಿದಾಳೆ. ಗರಗಸ! ಲೆಕ್ಕದಲ್ಲಿ ಆರು ಕಿಲೋಮೀಟರು, ಇಪ್ಪತ್ತು ನಿಮಿಷ, ಗಂಟೆಗೆ ಹದಿನೆಂಟು. ಮನೇಲಿ ಕೂತವಳು ಹದಿನೆಂಟರಲ್ಲಿ ಓಡೋದು ಹೇಗೆ? ಮನೆಗೇನು ಗಾಲಿ ಇದೆಯಾ ಅಂತ ಕ್ಲಾಸಲ್ಲಿ ಕೇಳ್ಬಿಟ್ಟೆ. ಹುಡುಗರು ನಕ್ಕರು. ಈಗ ಗಾಲಿಮನೆ ಅಂತಾನೇ ಕರೀತಾರಂತೆ.” ಮೇಷ್ಟ್ರು ಕತ್ತು ಕೆರೆದುಕೊಂಡರು. “ಅದು ನಂದೇ ತಪ್ಪು. ಆದ್ರೆ ಎಲ್ಲಿಂದ ದೂರ ಅಂತ ಬರೆಯಮ್ಮ ಅಂದ್ರೂ ಬರೆಯಲ್ಲ. ಬಾಯಿ ಬಿಟ್ಟು ಹೇಳು ಅಂದ್ರೂ ಹೇಳಲ್ಲ.”

ಅವಳು ಓದಿದ್ದು ಏಳನೇ ಕ್ಲಾಸು. ಗ್ರಾಫೆಂದರೆ ಇಂತಿಂಥದ್ದು ಎಂದು ಯಾವ ಮೇಷ್ಟ್ರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆದರೆ ಡಿಪೋದ ಒಳಗೋಡೆಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ದೊಡ್ಡ ಹಾಳೆ ಅಂಟಿಸಿದೆ. ಕೆಳಗೆ ಗಂಟೆಗಳು, ಪಕ್ಕದಲ್ಲಿ ಸ್ಟಾಪುಗಳು, ಒಂದೊಂದು ಬಸ್ಸಿಗೆ ಒಂದೊಂದು ಬಣ್ಣದ ಓರೆ ಗೆರೆ. ಡ್ರೈವರುಗಳು ಡ್ಯೂಟಿಗೆ ‘ಗೆರೆ’ ಎಂದೇ ಹೇಳುವುದು. “ಇವತ್ತು ಯಾವ ಗೆರೆ ನಿಂದು?” “ನನ್ನ ಗೆರೆ ಗೇಟಲ್ಲಿ ಸಿಕ್ಕಾಕ್ಕೊಳ್ತು.” ಆ ಹಾಳೆಯ ಮುಂದೆ ದಿನಾ ನಿಂತು ನಿಂತು ಅವಳ ಕಣ್ಣಿಗೆ ಓರೆ ಗೆರೆಯೆಂದರೆ ರಸ್ತೆಯೇ. ಚೂಪಾದರೆ ವೇಗ, ಮಟ್ಟಸವಾದರೆ ನಿಂತ ಬಸ್ಸು.

ಮಗಳ ಹಾಳೆಯ ಮೇಲೆ ಅವಳ ಕಣ್ಣು ತಾನಾಗಿಯೇ ಎಡದಿಂದ ಬಲಕ್ಕೆ ಹೊರಟಿತು. ನಾಲ್ಕು ನಲವತ್ತಕ್ಕೆ ಸೊನ್ನೆ. ಅಲ್ಲಿಂದ ಇಪ್ಪತ್ತು ನಿಮಿಷ ಏರಿ ಆರು ಕಿಲೋಮೀಟರು. ಮೇಲೆ ಹತ್ತು ನಿಮಿಷ ಮಟ್ಟಸ. ಮತ್ತೆ ಇಪ್ಪತ್ತು ನಿಮಿಷ ಇಳಿದು ಐದೂವರೆಗೆ ಸೊನ್ನೆ. ಆಮೇಲೆ ಒಂದು ಚಿಕ್ಕ ಹಲ್ಲು, ನಾಲ್ಕೇ ಕಿಲೋಮೀಟರು, ತುದಿಯಲ್ಲಿ ಏಳು ನಿಮಿಷ ಮಟ್ಟಸ, ಆರೂ ಮೂರಕ್ಕೆ ಸೊನ್ನೆ. ಮತ್ತೆ ದೊಡ್ಡ ಹಲ್ಲು. ಮತ್ತೆ ಚಿಕ್ಕದು. ದೊಡ್ಡದು ಮಾರುಕಟ್ಟೆ. ಚಿಕ್ಕದು ಆಸ್ಪತ್ರೆ. ತುದಿಯ ಹತ್ತು ನಿಮಿಷ ಅವಳು ಚಹಾ ಕುಡಿದು ಕೈಕಾಲು ಜಾಡಿಸುವ ಹೊತ್ತು. ಇದು ಹದಿನಾಲ್ಕನೇ ನಂಬರು. ಇದು ಅವಳದೇ ಗೆರೆ.

ಅವಳ ಬೆರಳು ಹಾಳೆಯ ಮೇಲೆ ಹರಿಯುತ್ತ ಹೋಗಿ ಎಂಟು ಗಂಟೆಯ ಹತ್ತಿರ ತಡೆದು ನಿಂತಿತು. ಅಲ್ಲಿ ಇಳಿಜಾರಿನ ನಡುವೆ, ಎರಡು ಕಿಲೋಮೀಟರಿನ ಎತ್ತರದಲ್ಲಿ, ಆರು ನಿಮಿಷದ ಒಂದು ಮೆಟ್ಟಿಲು. ರೈಲ್ವೆ ಗೇಟು. ಹೌದು, ಭಾನುವಾರ ಗೂಡ್ಸು ಬಂದು ಗೇಟು ಹಾಕಿದ್ದರು, ಆರು ನಿಮಿಷ ಹೋಯಿತು. ಇದು ಮನೆಯಲ್ಲಿ ಕೂತವಳಿಗೆ ಹೇಗೆ ಗೊತ್ತು? ರೈಲಿನ ಸದ್ದು ಕೇಳಿಸಿಕೊಂಡಿದ್ದಾಳೆ. ಬಸ್ಸು ಆರು ನಿಮಿಷ ತಡವಾಗಿದ್ದು ನೋಡಿದ್ದಾಳೆ. ಎರಡನ್ನೂ ಕೂಡಿಸಿ ಅಮ್ಮ ಎಲ್ಲಿ ನಿಂತಿದ್ದಳೆಂದು ಲೆಕ್ಕ ಹಾಕಿದ್ದಾಳೆ.

ಸೊನ್ನೆಗಳನ್ನು ಎಣಿಸಿದಳು. ಏಳು. ಏಳು ಸಲ ಬಸ್ಸು ಮನೆಯ ಮುಂದಿನ ಸ್ಟಾಪಿಗೆ ಬರುತ್ತದೆ, ಒಂದೊಂದು ಸಲ ನಲವತ್ತು ಸೆಕೆಂಡು ನಿಲ್ಲುತ್ತದೆ. ಏಳು ಸಲವೂ ಹುಡುಗಿ ಕಿಟಕಿಯಲ್ಲಿ ಇದ್ದಾಳೆ. ಒಳಗಿನ ಕೋಣೆಯಲ್ಲಿ ಓದುತ್ತಿರುತ್ತಾಳೆ, ಎಂಟಕ್ಕೆ ಉಂಡು ಮಲಗುತ್ತಾಳೆ ಎಂದು ಇವಳು ಅಂದುಕೊಂಡಿದ್ದ ಸಂಜೆಗಳಲ್ಲಿ ಆ ಮಗು ಮಾಡಿದ್ದು ಇದೊಂದೇ ಕೆಲಸ. ಅಮ್ಮ ಎಷ್ಟು ದೂರ ಇದ್ದಾಳೆ ಎಂದು ಅಳೆಯುವುದು.

ಚಿತ್ರದ ಮನೆಯನ್ನು ಕೊನೆಗೆ ನೋಡಿದಳು. ಕಿಟಕಿ, ಕಿಟಕಿಯಲ್ಲಿ ಒಂದು ದುಂಡು ತಲೆ, ಕೆಳಗೆ ಬಸ್ಸು. ಬಸ್ಸಿನೊಳಗಿನ ದೀಪದಿಂದ ಕಿರಣಗಳು ಹೊರಟು ನೆಟ್ಟಗೆ ಕಿಟಕಿಗೆ ತಾಗಿದ್ದವು. ಆ ಸ್ಟಾಪಿನಲ್ಲಿ ಬೀದಿ ದೀಪ ಕೆಟ್ಟು ವರ್ಷವಾಯಿತು. ಇಳಿಯುವವರಿಗೆ ಮೆಟ್ಟಿಲು ಕಾಣಲೆಂದು ಇವಳು ಒಳಗಿನ ಲೈಟು ಹಾಕುತ್ತಾಳೆ. ಅಷ್ಟೇ. ಮಗಳು ಅದನ್ನು ತನಗೆಂದು ತಿಳಿದಿದ್ದಾಳೆ. ಮಾರುಕಟ್ಟೆ ಕಡೆ ಹೋಗುವಾಗ ಬಸ್ಸು ನಿಲ್ಲುವುದು ಮನೆಯ ಕೆಳಗೇ, ಬಸ್ಸಿನ ತಗಡು ಅಡ್ಡವಾಗಿ ಮೊದಲ ಮಹಡಿಯ ಮನೆ ಡ್ರೈವರಿಗೆ ಕಾಣುವುದೇ ಇಲ್ಲ. ಬರುವಾಗ ಎದುರು ಬದಿಯ ಸ್ಟಾಪು, ಕತ್ತು ತಿರುಗಿಸಿದರೆ ಕಿಟಕಿ ಕಣ್ಣೆದುರೇ. ಮೂರು ವರ್ಷದಲ್ಲಿ ಇವಳು ಒಂದು ದಿನವೂ ಕತ್ತು ತಿರುಗಿಸಿರಲಿಲ್ಲ. ಇಳಿಯುವವರನ್ನು ಕನ್ನಡಿಯಲ್ಲಿ ನೋಡುತ್ತಿದ್ದಳು.

ಅವಳ ಬೆರಳು ಮತ್ತೆ ಗೇಟಿನ ಮೆಟ್ಟಿಲ ಮೇಲೆ ಹೋಗಿ ನಿಂತಿತು.

“ಏನಾದ್ರೂ ಹೊಳೀತಾ?” ಮೇಷ್ಟ್ರು ಮುಂದೆ ಬಾಗಿದರು. “ನಾನು ನಿಮ್ಮನ್ನ ಕರೆಸಿದ್ದು ಮಾರ್ಕ್ಸಿಗಲ್ಲ. ಹುಡುಗಿ ಮಂಕಾಗಿದಾಳೆ. ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಸಂಜೆ ಹೊತ್ತು ಮನೇಲಿ ಅವಳ ಜೊತೆ ಯಾರಿರ್ತಾರೆ?”

ಪಕ್ಕದ ಮೇಜಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಹೊಲಿಗೆ ಮಿಸ್ಸಿನ ಕೈ ನಿಂತಿತು. ತಲೆ ಎತ್ತಲಿಲ್ಲ. ಕಿವಿಗೆ ತಲೆ ಎತ್ತುವ ಅಗತ್ಯವೂ ಇರಲಿಲ್ಲ.

“ಇರ್ತಾರೆ ಸರ್” ಎಂದಳು ಅವಳು. “ಪಕ್ಕದ್ಮನೆ ಅಜ್ಜಿ ಇರ್ತಾರೆ. ಒಂದ್ ಕ್ಷಣಾನೂ ಒಬ್ಬಳನ್ನೇ ಬಿಡಲ್ಲ.”

ಸುಳ್ಳು ಸಲೀಸಾಗಿ ಬಂತು, ಗೇರು ಬಿದ್ದ ಹಾಗೆ. ಅಷ್ಟರಲ್ಲಿ ಬಾಗಿಲ ಹತ್ತಿರ ನೆರಳು ಕಂಡಿತು. ಮೇಷ್ಟ್ರು ಹೇಳಿಕಳಿಸಿದ್ದರೆಂದು ಕಾಣುತ್ತದೆ, ಮಗಳು ಬಂದು ನಿಂತಿದ್ದಳು. ಎರಡು ಜಡೆ, ಹರಿದ ಶೂ. ಗುರುವಾರ ನೋಡೋಣ ಎಂದು ಬರೆದ ಮೇಲೆ ಎರಡು ಗುರುವಾರದ ರಜೆ ರದ್ದಾಗಿತ್ತು. ಇವತ್ತು ಮೂರನೆಯದು, ಅದನ್ನೂ ಡಿಪೋದವರು ರದ್ದು ಮಾಡಿ ಡ್ಯೂಟಿ ಹಾಕಿದ್ದರು. ಹಗಲು ಬೆಳಕಿನಲ್ಲಿ ಮಗಳ ಮುಖ ನೋಡಿ ಮೂರು ವಾರವಾಗಿತ್ತು. ಕೆನ್ನೆ ಇಳಿದಿದೆ ಎನಿಸಿತು.

ಹುಡುಗಿಯ ಕಣ್ಣು ಮೊದಲು ಹೋದದ್ದು ಅಮ್ಮನ ಮುಖಕ್ಕಲ್ಲ, ಬೆರಳಿಗೆ. ಬೆರಳು ಇನ್ನೂ ಗೇಟಿನ ಮೆಟ್ಟಿಲ ಮೇಲೇ ಇತ್ತು. ಅದನ್ನು ನೋಡಿದ್ದೇ ಹುಡುಗಿಯ ಮುಖದಲ್ಲಿ ಏನೋ ಅರಳಿತು. ಓದಿದಳು, ಅಮ್ಮ ಓದಿಬಿಟ್ಟಳು ಎಂಬುದು ಅವಳಿಗೆ ಗೊತ್ತಾಯಿತು.

“ಬಾಮ್ಮ” ಎಂದರು ಮೇಷ್ಟ್ರು. “ನಿಮ್ಮಮ್ಮಂಗೂ ತೋರಿಸ್ದೆ. ಈಗಲಾದ್ರೂ ಹೇಳು. ಈ ದೂರ ಎಲ್ಲಿಂದ?”

ಹುಡುಗಿ ಅಮ್ಮನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದಳು: “ನೀನೇ ಹೇಳಮ್ಮ. ಇದು ತಪ್ಪಾ?”

ಹೌದು ಎಂದರೆ ಒಂದು, ಇಲ್ಲ ಎಂದರೆ ಒಂದು. ಸರಿ ಎಂದರೆ ಏಕೆ ಸರಿ ಎಂದು ಹೇಳಬೇಕು, ಹೇಳಿದರೆ ಹುಡುಗಿ ಒಬ್ಬಳೇ ಇರುತ್ತಾಳೆ ಎಂಬುದು ಆ ಸೂಜಿ ದಾರದ ಜೊತೆ ಹೊರಡುತ್ತದೆ, ಭಾನುವಾರದ ಹೊತ್ತಿಗೆ ಅತ್ತೆ ಪೆಟ್ಟಿಗೆ ಕಟ್ಟಿಸಲು ಬಂದು ನಿಲ್ಲುತ್ತಾಳೆ. ಮಗಳಿಲ್ಲದ ಮನೆಗೆ ರಾತ್ರಿ ಹತ್ತೂವರೆಗೆ ಬೀಗ ತೆಗೆಯುವುದನ್ನು ಅವಳು ಒಂದು ಕ್ಷಣ ಕಂಡಳು.

“ತಪ್ಪು ಕಣೇ” ಎಂದಳು. “ಮನೇಲೇ ಇದ್ದೆ ಅಂತ ನೀನೇ ಬರ್ದಿದೀಯ. ಸರ್ ಹೇಳೋದೇ ಸರಿ. ಏನೇನೋ ಗೀಚಿದೀಯ. ನೆಟ್ಟಗೆ ಗೆರೆ ಎಳೆದುಕೊಡು.”

ಅರಳಿದ್ದದ್ದು ಮುಚ್ಚಿಕೊಂಡಿತು. ಹುಡುಗಿ ಮೇಷ್ಟ್ರ ಮೇಜಿನಿಂದ ಹೊಸ ಹಾಳೆ ತೆಗೆದುಕೊಂಡು ಅಡ್ಡ ಮಡಿಸಿದಳು, ಉದ್ದ ಮಡಿಸಿದಳು. ಮಾತಿನ ಮನೆಯಲ್ಲಿ ಅದೇ ಮಾತು. ಚಿತ್ರದ ಮನೆಯಲ್ಲಿ ಕಿಟಕಿ ಇಲ್ಲ, ಬಸ್ಸಿಲ್ಲ, ಒಂದು ಕುರ್ಚಿ. ಲೆಕ್ಕದ ಮನೆಯಲ್ಲಿ ವೇಗ ಸೊನ್ನೆ. ಗ್ರಾಫಿನ ತಳಕ್ಕೆ ಸ್ಕೇಲು ಇಟ್ಟು ನಾಲ್ಕೂವರೆಯಿಂದ ಒಂಬತ್ತರವರೆಗೆ ಒಂದೇ ಎಳೆತ. ನಾಲ್ಕೂವರೆ ಗಂಟೆಯನ್ನು ಎಳೆಯುವುದಕ್ಕೆ ಎರಡು ಸೆಕೆಂಡು ಸಾಕಾಯಿತು.

“ಹಾಂ! ಈಗ ನಾಲ್ಕೂ ಸಾಕ್ಷಿ ಒಂದೇ ಮಾತು ಹೇಳ್ತಿದೆ” ಎಂದು ಮೇಷ್ಟ್ರು ಹತ್ತಕ್ಕೆ ಹತ್ತು ಹಾಕಿದರು. ಹಾಕಿದ ಮೇಲೂ ಪೆನ್ನಿನ ಮುಚ್ಚಳ ಹಾಕದೆ ಹಳೆಯ ಹಾಳೆಯನ್ನೂ ತಾಯಿಯ ಮುಖವನ್ನೂ ಒಂದು ಸಲ ನೋಡಿದರು. ಒಳ್ಳೆಯ ಮನುಷ್ಯ. ಆದರೆ ಅವರಿಗೆ ಗೊತ್ತಿದ್ದ ರಸ್ತೆಗಳೆಲ್ಲ ಬೋರ್ಡಿನ ಮೇಲಿನವು. ಹೊಲಿಗೆ ಮಿಸ್ಸಿನ ಸೂಜಿ ಮತ್ತೆ ಚಲಿಸತೊಡಗಿತು.

ಕಾರಿಡಾರಿನಲ್ಲಿ ಅವಳು ಮಗಳ ಹಿಂದೆ ಬಿರಬಿರನೆ ನಡೆದಳು. “ಪುಟ್ಟಿ, ನಿಲ್ಲೇ. ಆ ಮಿಸ್ ಅಲ್ಲೇ ಕೂತಿದ್ರಲ್ಲ, ನಾನೇನು ಮಾಡ್ಲಿ ಹೇಳು.”

“ಗೊತ್ತು” ಎಂದಳು ಹುಡುಗಿ.

“ನಿನ್ನನ್ನ ಉಳಿಸ್ಕೊಳ್ಳೋಕೇ ಅಲ್ವಾ ನಾನು...”

“ಗೊತ್ತಮ್ಮ. ನಂಗೆ ಪೀರಿಯಡ್ ಇದೆ.” ಸಿಟ್ಟಿನ ದನಿಯೇ ಅಲ್ಲ ಅದು. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಾಗಿತ್ತು. ಹುಡುಗಿ ಕ್ಲಾಸಿನೊಳಗೆ ಹೋದಳು, ಒಳಗಿನಿಂದ ಯಾರೋ ‘ಗಾಲಿಮನೆ ಬಂತು’ ಎಂದದ್ದು ಹೊರಗೆ ಕೇಳಿಸಿತು.

ಎರಡು ಗಂಟೆಗೆ ಅವಳು ಬಸ್ಸು ಹತ್ತಿದಳು. ದಿನಾ ಮೊದಲ ಟ್ರಿಪ್ಪಿನಲ್ಲೇ ಕಂಡಕ್ಟರಿನ ಕಾಲೆಳೆಯುವವಳು ಇವತ್ತು ನೆಟ್ಟಗೆ ತನ್ನ ಸೀಟಿಗೆ ಹೋಗಿ ಕೂತಳು. ಅವಳಿಗಿಂತ ಹತ್ತು ವರ್ಷ ಚಿಕ್ಕವನಾದ ಆ ಕಂಡಕ್ಟರು ಏನಾಯ್ತಕ್ಕಾ ಎಂದು ಎರಡು ಸಲ ಕೇಳಿ ಟಿಕೆಟು ಹರಿಯಲು ಹೋದ.

ನಾಲ್ಕು ನಲವತ್ತು. ಮನೆ ಕೆಳಗಿನ ಸ್ಟಾಪು. ಮುಂದಕ್ಕೆ ಬಗ್ಗಿ ಸ್ಟೀರಿಂಗಿನ ಮೇಲೆ ಎದೆ ಒತ್ತಿ ಮೇಲೆ ನೋಡಿದಳು. ತಗಡು ಅಡ್ಡ. ಏನೂ ಕಾಣಲಿಲ್ಲ. ಐದೂವರೆಗೆ ಮಾರುಕಟ್ಟೆಯಿಂದ ಬರುವಾಗ ಎದುರು ಬದಿಯಲ್ಲಿ ನಿಲ್ಲಿಸಿ ಕತ್ತು ತಿರುಗಿಸಿದಳು. ಮೂರು ವರ್ಷದಲ್ಲಿ ಮೊದಲ ಸಲ. ಸ್ಟೇಷನರಿ ಅಂಗಡಿಯ ಮೇಲೆ ಅವರದೇ ಕಿಟಕಿ. ಪರದೆ ಎಳೆದಿತ್ತು. ಅವಳು ಒಳಗಿನ ಲೈಟು ಹಾಕಿದಳು. 

“ಅಕ್ಕಾ, ಹಗಲಲ್ಲೇ ಲೈಟ್ ಹಾಕಿದೀಯಲ್ಲ?” ಎಂದ ಕಂಡಕ್ಟರು.

ಆರಿಸಲಿಲ್ಲ. ಇಂದು ಮೊದಲ ಸಲ ಅದನ್ನು ಮಗಳಿಗೆಂದು ಹಾಕಿದ್ದಳು, ಪರದೆ ಅಲುಗಲಿಲ್ಲ.

ಆರೂ ಮೂರಕ್ಕೆ ತಗಡು. ಆರೂ ಐವತ್ತಮೂರಕ್ಕೆ ಮತ್ತೆ ಎದುರು ಬದಿ. ಕತ್ತಲಾಗಿತ್ತು. ಬೀದಿಯ ಮನೆಗಳಿಗೆಲ್ಲ ದೀಪ ಬಂದಿತ್ತು, ಆ ಒಂದು ಕಿಟಕಿಗೆ ಮಾತ್ರ ಇಲ್ಲ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಕಂಡಕ್ಟರು ಸೀಟಿ ಊದಿದ. ಅವಳು ನೋಡುತ್ತಲೇ ಇದ್ದಳು. ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದಕ್ಕೆಂದು ಬೆಳಿಗ್ಗೆ ಸುಳ್ಳು ಹೇಳಿದ್ದಾಯಿತು, ಮಗಳು ಮನೆಯಲ್ಲೇ ಉಳಿದಿದ್ದಾಳೆ. ಕಿಟಕಿಯಲ್ಲಿ ಉಳಿದಿಲ್ಲ. ಇಷ್ಟು ವರ್ಷ ತನ್ನನ್ನು ಒಬ್ಬರು ಕಾಯುತ್ತಿದ್ದರು, ಅದು ತನಗೆ ಗೊತ್ತಿರಲಿಲ್ಲ. ಗೊತ್ತಾದ ದಿನವೇ ಅದು ಮುಗಿದುಹೋಯಿತು. ಹಿಂದಿನ ಕಾರಿನವನು ಹಾರನ್ನು ಒತ್ತಿ ಹಿಡಿದ. ಕಂಡಕ್ಟರು ಬಂದು ಭುಜ ತಟ್ಟಿದ ಮೇಲೆ ಗೇರು ಹಾಕಿದಳು.

ಏಳೂ ಇಪ್ಪತ್ತೊಂಬತ್ತಕ್ಕೆ ತಗಡು. ಎಂಟೂ ಹತ್ತೊಂಬತ್ತಕ್ಕೆ ಎದುರು ಬದಿ. ಪರದೆ ಹಾಗೆಯೇ ಇತ್ತು.

ಎಂಟೂ ಐವತ್ತೆರಡಕ್ಕೆ ಆಸ್ಪತ್ರೆಯ ಕಡೆಯಿಂದ ಬಂದು ಮನೆಯ ಕೆಳಗೇ ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದಳು. ಎಂಜಿನ್ ಆರಿಸಿದಳು. ಡ್ರೈವರಿನ ಬಾಗಿಲು ತೆಗೆದು ಕೆಳಗಿಳಿದಳು.

“ಅಕ್ಕಾ! ಎಲ್ಲಿಗ್ ಹೊರಟೆ? ಲೇಟಾಗ್ತಿದೆ!” ಕಂಡಕ್ಟರು ಕಿಟಕಿಯಿಂದ ಅರ್ಧ ಹೊರಗೆ ಬಂದ.

“ತಡಿ ತಮ್ಮ, ಬಂದೆ.” ಬಸ್ಸನ್ನು ಸುತ್ತಿ ಫುಟ್‌ಪಾತಿಗೆ ಬಂದು ನಿಂತು ತಲೆ ಎತ್ತಿದಳು. ಬಾಗಿಲು ತಟ್ಟಲು ಮೆಟ್ಟಿಲು ಹತ್ತುವಷ್ಟು ಹೊತ್ತಿರಲಿಲ್ಲ. ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು: “ಪುಟ್ಟೀ!”

ಅಂಗಡಿಯವನು ಬಾಗಿಲು ಎಳೆಯುತ್ತಿದ್ದದ್ದನ್ನು ನಿಲ್ಲಿಸಿದ. ಎದುರು ಮನೆಯ ಕಿಟಕಿ ತೆರೆಯಿತು, ಅದರ ಪಕ್ಕದ್ದೂ ತೆರೆಯಿತು. ಬಸ್ಸಿನಲ್ಲಿದ್ದ ಇಪ್ಪತ್ತೆರಡು ಜನರೂ ಈ ಕಡೆಯ ಸೀಟುಗಳಿಗೆ ವಾಲಿದರು. ಇನ್ನೊಂದು ಸಲ ಕೂಗಿದಳು. ಪರದೆ ಸರಿಯಿತು. ಮಗಳ ತಲೆ ಕಾಣಿಸಿತು, ಹಿಂದೆ ಕತ್ತಲೆ.

“ಯಾಕಮ್ಮ ಕೂಗ್ತೀಯ? ಎಲ್ರಿಗೂ ಗೊತ್ತಾಗುತ್ತೆ!”

“ಗೊತ್ತಾಗ್ಲಿ. ನೀನು ಒಬ್ಬಳೇ ಇರ್ತೀಯ ಅಂತ ಬೀದಿಗೆ ಬೀದೀನೇ ತಿಳ್ಕೊಳ್ಲಿ. ನಾಳೆ ಬೆಳಿಗ್ಗೆ ನಿಮ್ಮ ಸರ್ ಹತ್ರ ಬರ್ತೀನಿ. ನೀನು ಹಾಕಿದ್ದೇ ಸರಿ, ನಾನು ಹೇಳಿದ್ದೇ ಸುಳ್ಳು ಅಂತ ಹೇಳ್ತೀನಿ. ಆ ಹೊಲಿಗೆ ಮಿಸ್ ಮುಂದೇನೇ ಹೇಳ್ತೀನಿ.”

“ಅತ್ತೆ ಬಂದ್ರೆ?”

“ಬರ್ಲಿ. ಕೂರಿಸ್ಕೊಂಡು ಮಾತಾಡ್ತೀನಿ.” ಏನು ಮಾತಾಡುತ್ತೇನೆಂದು ಅವಳಿಗೆ ಎಳ್ಳಷ್ಟೂ ಗೊತ್ತಿರಲಿಲ್ಲ.

ಕೆಳಗೆ ಕಂಡಕ್ಟರು ಒಂದು ಸಲ ಸೀಟಿ ಊದಿ, ಊದಬಾರದಿತ್ತೇನೋ ಎಂಬಂತೆ ಬಾಯಿಂದ ತೆಗೆದ. ಹುಡುಗಿ ಒಳಕ್ಕೆ ಹೋಗಿ ಏನನ್ನೋ ಕೈಯಲ್ಲಿ ಹಿಡಿದುಕೊಂಡು ಬಂದಳು. ಬಸ್ಸಿನ ದೀಪದ ಬೆಳಕಿಗೆ ಅದು ಮಡಿಸಿದ ಹಾಳೆ, ಒಂದು ಪೆನ್ಸಿಲು ಎಂದು ಕಂಡಿತು. ಸಂಜೆಯೆಲ್ಲ ಅವಳು ಎಲ್ಲಿ ಕೂತಿದ್ದಳೆಂದು ಆಗ ತಾಯಿಗೆ ತಿಳಿಯಿತು. ಪರದೆಯ ಹಿಂದೆಯೇ ಕೂತಿದ್ದಳು, ಕಿವಿಯಿಂದ ಎಣಿಸುತ್ತ.

“ಅಮ್ಮಾ” ಎಂದಳು ಹುಡುಗಿ, “ನಾಲ್ಕನೇ ಸಲ ಬಂದಾಗ ಯಾಕೆ ಹೊರಡ್ಲೇ ಇಲ್ಲ? ಸೊನ್ನೆ ಮೂರು ನಿಮಿಷ ಉದ್ದ ಆಗಿದೆ ಇಲ್ಲಿ.”

“ನಿನ್ನನ್ನ ಹುಡುಕ್ತಿದ್ದೆ ಕಣೇ” ಎಂದಳು ಅವಳು, ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ.